ದ್ರಾಕ್ಷಿ ಶೆಡ್ಡಿನಲ್ಲಿ ಒಣಗಿದ ಅರಿವೆಗಳು

ಆಗೆಲ್ಲ ಒಂದು ಮನೆಯಲ್ಲಿ ಕೂಸು ಹುಟ್ಟಿದೆಯೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹಿತ್ತಲಿನ ಹಗ್ಗದ ಮೇಲೆ ಸಾಲಾಗಿ ತೂಗುವ ಪುಟ್ಟ ಅರಿವೆಗಳೇ ಹೇಳುತ್ತಿದ್ದವು. ನನ್ನ ತಮ್ಮ ಹುಟ್ಟಿದ ಮಳೆಗಾಲದಲ್ಲಿ ನಾನು ಶಾಲೆಯಲ್ಲಿ ಐದನೇ ಇಯತ್ತೆ. ಅಥಣಿ ಕಡೆಯ ನಮ್ಮ ಹಳ್ಳಿಯಲ್ಲಿ ಡೈಪರ್ ಅಂದರೆ ಸಿರಿವಂತರ ಮನೆಯ ಮಾತು. ಅದನ್ನು ಹಟ ಹಿಡಿದು ತರಿಸಿದವಳು ಯಾರು ಗೊತ್ತೇ? ಅಪ್ಪನ ತಾಯಿ, ನಮ್ಮ ಆಯಿ!

"ಐದ ಮಕ್ಕಳ ಉಚ್ಚಿ ಅರಿವಿ ತೊಳದ ತೊಳದ ನನ್ನ ಕೈ ಸವದಾವು. ನನ್ನ ಸೊಸಿಗೆ ಆ ತ್ರಾಸ ಬ್ಯಾಡ," ಎಂಬುದು ಅವಳ ವಾದ.

ಕೆಲವೇ ದಿನಗಳಲ್ಲಿ ತಮ್ಮನ ತೊಡೆಸಂದಿ ಬೆಂದ ಹಾಗೆ ಕೆಂಪಾಯಿತು. ಮುಟ್ಟಿದರೆ ಸಾಕು, ಕಿರುಚುತ್ತಿದ್ದ. ಅವ್ವ ಡೈಪರ್ ಕಿತ್ತೊಗೆದು, ಟ್ರಂಕಿನಿಂದ ಅಜ್ಜನ ಹಳೆಯ ಧೋತರ ತೆಗೆದು ಟರ್ರೆಂದು ಹರಿದಳು. ಕೊಬ್ಬರಿ ಎಣ್ಣೆ ಸವರಿ ಆ ಮೆತ್ತನೆಯ ಅರಿವೆ ಕಟ್ಟಿದ ಮೇಲೆ ಕೂಸು ಕಣ್ಣು ಮುಚ್ಚಿತು. ಆದರೆ ಅದೇ ಹೊತ್ತಿಗೆ ಜಿಟಿಜಿಟಿ ಮಳೆ ಹತ್ತಿತು. ಒಲೆಯ ಮೇಲೆ ತೂಗುಹಾಕಿದರೂ ಅರಿವೆಗಳಿಗೆ ಹೊಗೆವಾಸನೆ ಬಂತೇ ಹೊರತು ಅವು ಒಣಗಲಿಲ್ಲ. ಹಸಿ ಅರಿವೆ ಕಟ್ಟಿದರೆ ಮತ್ತೆ ಕೆಂಪು, ಮತ್ತೆ ಅಳು.

ಒಂದು ಸಂಜೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದ ಆಯಿ ಹುಕುಂ ಹೊರಡಿಸಿದಳು. "ನಾಳೆ ನಾ ಬಸದಿಯಿಂದ ಬರೂದರಾಗ ಒಣಾ ಅರಿವಿ ಇರಲಿಲ್ಲಂದ್ರ ಮತ್ತ ಡೈಪರ್ ಹಾಕಾಕಿ ನಾನ. ಕೂಸು ಹಸ್ಯಾಗ ಮಲಗೂದು ಬ್ಯಾಡ."

ಅವ್ವ ಕುದಿಸಿದ ಅರಿವೆಗಳನ್ನು ಹಿಂಡಿ ಬುಟ್ಟಿಗೆ ಹಾಕತೊಡಗಿದಳು, ಕಣ್ಣಲ್ಲಿ ನೀರು ತುಂಬಿತ್ತು. ಹಿತ್ತಲಿನಾಚೆ ದ್ರಾಕ್ಷಿ ಒಣಗಿಸುವ ನಮ್ಮ ಗೋಡೆಯಿಲ್ಲದ ಶೆಡ್ಡು ಖಾಲಿ ನಿಂತಿತ್ತು. ಬೇಸಿಗೆಯಲ್ಲಿ ಅಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯಂಥ ಜಾಳಿಗೆಗಳ ಮೇಲೆ ಹಸಿರು ದ್ರಾಕ್ಷಿ ನೆರಳಲ್ಲೇ ಸುಕ್ಕಾಗಿ ಒಣದ್ರಾಕ್ಷಿಯಾಗುತ್ತಿತ್ತು, ನಾವು ಜೇಬು ತುಂಬ ಕದ್ದು ತಿನ್ನುತ್ತಿದ್ದೆವು.

"ಅವ್ವಾ, ದ್ರಾಕ್ಷಿ ಬಿಸಲಿಲ್ದ ಒಣಗತಾವು. ಅರಿವಿ ಯಾಕ ಒಣಗಂಗಿಲ್ಲ?"

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಬುಟ್ಟಿ ಎತ್ತಿಕೊಂಡಳು. ಮಳೆ ಬೀಸುವ ಕಡೆಗೆ ಅಪ್ಪ ತಾಡಪತ್ರಿಯ ಪರದೆ ಇಳಿಬಿಟ್ಟ. ಉಳಿದ ಕಡೆಯಿಂದ ಗಾಳಿ ಸುಯ್ಯೆಂದು ನುಗ್ಗುತ್ತಿತ್ತು. ಕುದಿಸಿ ಹಿಂಡಿದ ಅರಿವೆಗಳನ್ನು ನಾನೂ ಅವ್ವನೂ ಜಾಳಿಗೆಯ ಮೇಲೆ ಒಂದೊಂದಾಗಿ ಹರವಿದೆವು.

ಬೆಳಗ್ಗೆ ಎದ್ದವಳೇ ಓಡಿದೆ. ಮೇಲಿನ ಅಂತಸ್ತಿನದೊಂದನ್ನು ಎಳೆದು ಕೆನ್ನೆಗೆ ಒತ್ತಿಕೊಂಡೆ. ಹಪ್ಪಳದ ಹಾಗೆ ಗರಿಗರಿ!

"ಒಣಗ್ಯಾವು! ಅವ್ವಾ, ಒಣಗ್ಯಾವು!" ಓಣಿಯೆಲ್ಲ ಕೇಳುವಂತೆ ಒದರಿದೆ. ಅವ್ವ ಕೂಸನ್ನು ಎತ್ತಿಕೊಂಡೇ ಓಡಿಬಂದಳು, ಹಲ್ಲುಜ್ಜುತ್ತಿದ್ದ ಅಪ್ಪ ಬಾಯಿ ತುಂಬ ನೊರೆಯೊಂದಿಗೆ ಬಂದ, ನೆರೆಯ ಹೆಂಗಸರು ಗೋಡೆಯ ಮೇಲಿಂದ ಇಣುಕಿದರು. ಬಸದಿಯಿಂದ ಆಗಷ್ಟೇ ಬರುತ್ತಿದ್ದ ಆಯಿಯೂ ಸೀದಾ ಶೆಡ್ಡಿಗೇ ಬಂದಳು.

"ಹೇಸಿ ಬರಂಗಿಲ್ಲೇನ? ದ್ರಾಕ್ಷಿ ಹಾಕೂ ಜಾಳಗಿ ಮ್ಯಾಲ ಉಚ್ಚಿ ಅರಿವಿ!"

"ಕುದಿಸೇನ್ರಿ ಅತ್ತಿ. ದ್ರಾಕ್ಷಿ ಹಂಗಾಮು ಬರೂ ಮೊದಲ ಜಾಳಗಿ ನಾನ ತಿಕ್ಕಿ ತೊಳಿತೇನಿ," ಎಂದಳು ಅವ್ವ. ಅಷ್ಟು ಗಟ್ಟಿಯಾಗಿ ಅವಳು ಅತ್ತೆಯ ಮುಂದೆ ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು.

ಆಯಿ ಒಂದು ಅರಿವೆಯನ್ನು ಮುಟ್ಟಿದಳು, ಮೂಸಿದಳು. ಆಮೇಲೆ ಕೂಸನ್ನು ಅಲ್ಲೇ ತೊಡೆಯ ಮೇಲೆ ಹಾಕಿಕೊಂಡು, ಅರಿವೆಯನ್ನು ಮೂಲೆಗೆ ಮೂಲೆ ಮಡಚಿ ತಾನೇ ಕಟ್ಟಿದಳು. "ಗೆದ್ದಿ ಬಿಡವಾ," ಎಂದು ಸೊಸೆಯ ಕಡೆ ನೋಡಿ ನಕ್ಕಳು. ಕೂಸು ತಕ್ಷಣವೇ ಅದನ್ನು ಒದ್ದೆ ಮಾಡಿತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಆ ಮಳೆಗಾಲವಿಡೀ ನಮ್ಮ ಮನೆಯಲ್ಲಿ ಒಣ ಅರಿವೆಗೆ ಬರ ಬರಲಿಲ್ಲ.

ಈಗ ಆಯಿ ಇಲ್ಲ. ದ್ರಾಕ್ಷಿ ಕಿತ್ತು ಕಬ್ಬು ಹಚ್ಚಿದ ಮೇಲೆ ಶೆಡ್ಡೂ ಇಲ್ಲ. ನನ್ನ ಮಗಳಿಗೂ ನಾನು ಅರಿವೆಯನ್ನೇ ಕಟ್ಟುತ್ತೇನೆ. ಎಂಥ ಮಳೆಯಿದ್ದರೂ ಮಷೀನು ಒಣಗಿಸಿಕೊಡುತ್ತದೆ, ಕೆಲಸ ಮುಗಿದಾಗ ಕುಂಯ್ ಅನ್ನುತ್ತದೆ. ನಾನೊಬ್ಬಳೇ ಹೋಗಿ ತೆಗೆದುಕೊಳ್ಳುತ್ತೇನೆ. ಅರಿವೆ ಒಣಗಿತೆಂದು ಒದರಿದರೆ ಓಡಿಬರುವಷ್ಟು ಜನ ಈಗ ಮನೆಯಲ್ಲಿಲ್ಲ.