ಟೇಲರ್ ಮಾವನ ಅಡುಗೆ ಪಾಠ

ಟೇಲರ್ ಮಾವನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಹೊಲಿಗೆ ಬಿಟ್ಟು ಅಡುಗೆ ಕಲಿಯಲು ಹೊರಟ ಮೇಲಂತೂ ಒಲೆಯಿಂದ ಹೆಂಡತಿಯ ಮಂಚಕ್ಕೆ, ಮಂಚದಿಂದ ಒಲೆಗೆ ಸೌಟು ಹಿಡಿದು ಓಡುವುದೇ ಕೆಲಸ. ದಾರಿಯುದ್ದಕ್ಕೂ ಸಾರಿನ ಹನಿ. "ಮೆಣಸು ಎಷ್ಟು ಹಾಕ್ಲೇ?" "ನಿಮ್ಮಮ್ಮ ಹಾಕ್ತಿದ್ದಷ್ಟು." "ಅಮ್ಮ ಹೇಳ್ಕೊಟ್ಟಿದ್ದು ನಿನಗೆ, ನನಗಲ್ಲ. ಅಳತೆ ಹೇಳು!" "ಕಣ್ಣಳತೆ ರೀ." ಜೀವಮಾನವಿಡೀ ಕೊರಳಲ್ಲಿ ಟೇಪು ನೇತುಹಾಕಿಕೊಂಡಿದ್ದ ಮನುಷ್ಯ ಇದನ್ನು ಕೇಳಿ ಮೈ ಪರಚಿಕೊಳ್ಳುತ್ತಾರೆ. ಕಲಿತದ್ದಾದರೂ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ಒಗ್ಗರಣೆ ಆರುವ ಮೊದಲೇ ಹಾಲಿನವನನ್ನು ಅಡ್ಡಗಟ್ಟಿ, ಪಕ್ಕದ ಮನೆಯ ಟೀಚರಮ್ಮನ ಕಿಟಕಿ ಬಡಿದು, "ಸಾಸಿವೆ ಸಿಡಿದ ಮೇಲೇ ಜೀರಿಗೆ, ನೆನಪಿಟ್ಕೊಳ್ಳಿ!" ಎಂದು ಕೂಗುತ್ತಾರೆ. "ಅಷ್ಟೇನು ಅವಸರ ಮಾವ?" ಎಂದು ಕೇಳುವಷ್ಟರಲ್ಲಿ ಒಳಗೆ ಓಡಿರುತ್ತಾರೆ. ಅವಸರಕ್ಕೆ ಕಾರಣವಿದೆ. ಮಂಚ ಹಿಡಿದಿರುವ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, ಮರೆವು ಹಿಡಿದಿದೆ. ಮಕ್ಕಳ ಹೆಸರುಗಳು ಆಗಲೇ ಹೋಗಿವೆ, ಅಡುಗೆ ಮಾತ್ರ ಇನ್ನೂ ನಾಲಿಗೆಯ ಮೇಲಿದೆ; ಅದೂ ಜಾರುವ ಮೊದಲು ಊರಿನ ನಾಲ್ಕು ಜನರಲ್ಲಾದರೂ ಉಳಿಯಲಿ ಎಂಬ ಚಡಪಡಿಕೆ ಅವರದು. ಮೊನ್ನೆ ಅತ್ತೆ ಖಚಿತವಾಗಿ, "ಮೆಣಸು ಬೇಡ, ಸಾರಿಗೆ ಒಂದು ಹಿಡಿ ಸಕ್ಕರೆ ಹಾಕಿ" ಎಂದರು. ಮಾವ ಮೊದಲ ಬಾರಿಗೆ ನಿಂತಲ್ಲೇ ನಿಂತರು. ಆಮೇಲೆ ಹೋಗಿ ಸಕ್ಕರೆ ಹಾಕಿದರು, ಮಂಚದ ಪಕ್ಕದಲ್ಲೇ ಕೂತು ಎರಡೆರಡು ಸಲ ಬಡಿಸಿಕೊಂಡು ಉಂಡರು. "ಚೆನ್ನಾಗಿದೆಯಾ?" "ಅಮೃತ ಕಣೇ." ಸಂಜೆ ಟೀಚರಮ್ಮ ತಾವೇ ಕಿಟಕಿ ತೆರೆದು, "ಇವತ್ತಿನ ಸಾರು ಹೇಗೆ ಮಾಡಿದ್ರಿ ಮಾವ?" ಎಂದು ಕೇಳಿದರು. "ಅದನ್ನ ಮಾತ್ರ ಕೇಳ್ಬೇಡಮ್ಮ," ಎಂದರು ಮಾವ, "ಅದು ನಮ್ಮಿಬ್ಬರದು."