ಊರಿನವರಿಗೆ ಹಾಸ್ಟೆಲ್ ಇಲ್ಲ

"ಕನ್ನಡಕ ತೆಗೀರಿ ತಾತಾ, ಜಲ್ದಿ! ಜೇಬಿಗೆ ಹಾಕ್ಕೊಳ್ಳಿ!"

ಕಾಶಿಯಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಮಾತು ಇದು. ಶಿವಾಲದ ಒಂದು ಗಲ್ಲಿ. ಕೈ ಚಾಚಿದರೆ ಎರಡೂ ಬದಿಯ ಗೋಡೆ ತಾಕುವಷ್ಟು ಇಕ್ಕಟ್ಟು. ಮೆಟ್ಟಿಲ ಮೇಲೆ ಕೋಲು ಹಿಡಿದು ನಿಂತಿದ್ದ ಹದಿನೈದು ಹದಿನಾರರ ಹುಡುಗಿಯ ಆಜ್ಞೆಯನ್ನು ನಾನು ಪಾಲಿಸುವುದಕ್ಕೂ ಸಜ್ಜೆಯ ಮೇಲಿಂದ ಕೋತಿಯ ಕೈ ಇಳಿಯುವುದಕ್ಕೂ ಸರಿಹೋಯಿತು. ಹೀಗಾಗಿ ಮುಂದೆ ವರ್ಷಗಟ್ಟಲೆ ವಾಸಿಸಲಿದ್ದ ಮನೆಯನ್ನು ನಾನು ಮೊದಲ ಸಲ ನೋಡಿದ್ದು ಮಂಜುಮಂಜಾಗಿ. ಗಂಗೆ ಕಂಡದ್ದು ಗಲ್ಲಿಯ ಕೊನೆಯಲ್ಲಿ ಬೂದುಬಣ್ಣದ ಒಂದು ಪಟ್ಟಿಯಾಗಿ.

ಅದು 2003ರ ನವೆಂಬರ್ ನಡುಭಾಗ. ರೈಲಿನ ಟಿಕೆಟ್ಟು ಇನ್ನೂ ಇರುವುದರಿಂದ ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಮಾಸದ ವಿಷಯದಲ್ಲಿ ಮಾತ್ರ ಮೊದಲ ದಿನವೇ ತೊಡಕು ಎದುರಾಯಿತು. ನಾನು ಮೈಸೂರಿನಿಂದ ತಂದ ಪಂಚಾಂಗದ ಪ್ರಕಾರ ಅಂದು ಕಾರ್ತಿಕ ಬಹುಳ. ಮನೆಯ ಗೋಡೆಗೆ ನೇತುಹಾಕಿದ್ದ ಕಾಶಿಯ ಪಂಚಾಂಗದಲ್ಲಿ ತಿಥಿ ಅದೇ, ಮಾಸ ಮಾತ್ರ ಮಾರ್ಗಶೀರ್ಷ; ಇಲ್ಲಿಯವರ ಬಾಯಲ್ಲಿ ಅಗಹನ್. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಇಲ್ಲಿ ಹುಣ್ಣಿಮೆಗೆ. ಆದ್ದರಿಂದ ಪ್ರತಿ ಕೃಷ್ಣಪಕ್ಷದಲ್ಲಿ ಮಾಸದ ಹೆಸರಿನ ಮಟ್ಟಿಗೆ ಕಾಶಿ ನಮಗಿಂತ ಒಂದು ಹೆಜ್ಜೆ ಮುಂದಿರುತ್ತದೆ. ಶಾಸನಗಳ ತೇದಿಗಳನ್ನು ಸರಿನೋಡುವುದರಲ್ಲೇ ವೃತ್ತಿಜೀವನ ಕಳೆದ ನನಗೆ ಇದು ತಿಳಿಯದ ಸಂಗತಿಯೇನಲ್ಲ. ಆದರೆ ಪುಸ್ತಕದಲ್ಲಿ ತಿಳಿದಿರುವುದು ಬೇರೆ, ಬೆಳಗ್ಗೆ ಹಲ್ಲುಜ್ಜುತ್ತ ತಾನು ಯಾವ ಮಾಸದಲ್ಲಿದ್ದೇನೆಂದು ಅನುಮಾನಪಡುವುದು ಬೇರೆ.

ಮೈಸೂರಿನ ಸಂಶೋಧನ ಸಂಸ್ಥೆಯೊಂದರಿಂದ ನಿವೃತ್ತನಾದ ಮೇಲೆ, ಕನ್ನಡ ನಾಡಿನ ದಾನಿಗಳು ಇಲ್ಲಿಯ ಘಾಟುಗಳಲ್ಲಿ ಕಟ್ಟಿಸಿದ ಛತ್ರಗಳ ಕಾಲನಿರ್ಣಯ ಮಾಡಬೇಕೆಂದು ನಾನು ಇಲ್ಲಿಗೆ ಬಂದೆ. ಪತ್ನಿ ತೀರಿಕೊಂಡಿದ್ದಳು, ಮೈಸೂರಿನ ಬಾಡಿಗೆಯ ಮನೆಯನ್ನು ಬಿಟ್ಟುಕೊಟ್ಟಿದ್ದೆ. ಉಳಿದುಕೊಂಡದ್ದು ನರಸಿಂಹ ಜೋಯಿಸರ ಮನೆಯಲ್ಲಿ. ಜೋಯಿಸರ ಮುತ್ತಜ್ಜ ನಂಜನಗೂಡಿನ ಕಡೆಯಿಂದ ಬಂದು ನೆಲೆಸಿದವರು. ಅಂದಿನಿಂದ ಈ ಮನೆತನ ದಕ್ಷಿಣದ ಯಾತ್ರಿಗಳಿಗೆ ಶ್ರಾದ್ಧ, ಸ್ನಾನಸಂಕಲ್ಪ ಮಾಡಿಸುತ್ತಿದೆ. ಯಾತ್ರಿಗಳು ಇಳಿದುಕೊಳ್ಳುವುದೂ ಇದೇ ಮನೆಯಲ್ಲಿ. ಜೋಯಿಸರ ಪತ್ನಿ ಸಾವಿತ್ರಮ್ಮ ಮದುವೆಯಾಗಿ ನಂಜನಗೂಡಿನಿಂದಲೇ ಬಂದವರು. ಕೋಲು ಹಿಡಿದಿದ್ದವಳು ಅವರ ಒಬ್ಬಳೇ ಮಗಳು ಗೌರಿ. ಹುಟ್ಟಿದ್ದು, ಬೆಳೆದದ್ದು ಕಾಶಿಯಲ್ಲಿ. ಮನೆಯವರೊಂದಿಗೆ ಕನ್ನಡ, ಗಲ್ಲಿಯೊಂದಿಗೆ ಹಿಂದಿ, ಕೋತಿಗಳೊಂದಿಗೆ ಭೋಜಪುರಿ.

ಊರು ಕಲಿಯುವುದು ನಾನೆಣಿಸಿದ್ದಕ್ಕಿಂತ ನಿಧಾನವಾಯಿತು. ಸಂಸ್ಕೃತ ಬಲ್ಲವನಿಗೆ ಹಿಂದಿ ಸುಲಭವೆಂದು ನಂಬಿದ್ದೆ. ನನ್ನ ಹಿಂದಿ ಕೇಳಿದ ತರಕಾರಿಯವನು ಎರಡು ಕೈ ಮುಗಿದ. ಕನ್ನಡದಲ್ಲಿ ಐವತ್ತಾದ ಮೇಲೆ ಐವತ್ತೊಂದು ತಾನಾಗಿ ಬರುತ್ತದೆ. ಹಿಂದಿಯಲ್ಲಿ ನೂರರವರೆಗೆ ಪ್ರತಿ ಸಂಖ್ಯೆಯನ್ನೂ ಬೇರೆಬೇರೆಯಾಗಿ ಪರಿಚಯ ಮಾಡಿಕೊಳ್ಳಬೇಕು. ನನ್ನ ಅರವತ್ತೊಂದರ ವಯಸ್ಸು ಹೇಳಲು ಇಕಸಠ್ ಎಂಬ ಪದವನ್ನು ಕಲಿಯುವಷ್ಟರಲ್ಲಿ ನನಗೆ ಬಾಸಠ್ ಆಗಿತ್ತು. ಮೈಸೂರಿನಲ್ಲಿ ಬೆಳಗಿನ ಬೀದಿಯಲ್ಲಿ ಕಾಫಿಯ ವಾಸನೆ. ಇಲ್ಲಿ ಕಚೋರಿ ಕರಿಯುವ ಸಾಸಿವೆ ಎಣ್ಣೆಯದು. ಅಲ್ಲಿ ನೆರೆಯವರು ಗೇಟಿನ ಆಚೆ ನಿಂತು ಮಾತನಾಡಿಸುತ್ತಾರೆ. ಇಲ್ಲಿ ಎದುರುಮನೆಯವರು ತಮ್ಮ ಅಡುಗೆಮನೆಯಿಂದಲೇ ನನ್ನ ಕಿಟಕಿಯೊಳಗೆ ನೋಡಿ, ಮದ್ರಾಸಿ ಬಾಬಾ ಇವತ್ತೂ ಅನ್ನವನ್ನೇ ತಿನ್ನುತ್ತಿದ್ದಾರೆಂದು ತಮ್ಮವರಿಗೆ ವರದಿ ಮಾಡುತ್ತಾರೆ. ವಿಂಧ್ಯದ ಕೆಳಗಿನವರೆಲ್ಲ ಇಲ್ಲಿ ಮದ್ರಾಸಿಗಳು. ಈ ಗಲ್ಲಿಯಲ್ಲೇ ಹುಟ್ಟಿದ ಗೌರಿಯೂ ಮದ್ರಾಸಿಯೇ.

ನನಗೆ ಕೊಟ್ಟಿದ್ದ ಮೇಲಿನ ಕೋಣೆ ಮೊದಲು ಗೌರಿ ಓದುತ್ತಿದ್ದ ಕೋಣೆಯೆಂದು ತಿಳಿದದ್ದು ತಡವಾಗಿ. ಅಲ್ಲಿಯೂ ಅವಳು ಸ್ಥಿರವಾಗಿ ಇದ್ದವಳಲ್ಲ. ಯಾತ್ರಿಗಳು ಬಂದಾಗಲೆಲ್ಲ ಅವಳ ಚೌಕಿಯನ್ನು, ಎಂದರೆ ಮಲಗುವ ಮರದ ಮಂಚವನ್ನು, ಅವರಿಗೆ ಬಿಟ್ಟುಕೊಡಬೇಕು. ಮೆಟ್ಟಿಲ ತಿರುವಿನಲ್ಲಿ, ಅಕ್ಕಿಮೂಟೆಗಳ ಕೋಣೆಯಲ್ಲಿ, ಅಮ್ಮನ ಪಕ್ಕದಲ್ಲಿ, ಹೀಗೆ ಅವಳ ಹಾಸಿಗೆ ವರ್ಷವಿಡೀ ಸಂಚಾರದಲ್ಲಿರುತ್ತಿತ್ತು. 2005ರ ಬೇಸಿಗೆಯಲ್ಲಿ ಇಂಟರ್, ಅಂದರೆ ನಮ್ಮ ಪಿಯುಸಿ, ಮುಗಿಸಿದಾಗ ಅವಳಿಗೆ ಬೇಕಾದದ್ದು ಒಂದೇ. ಯಾವ ವಿಷಯವಾದರೂ ಓದುತ್ತೇನೆ, ಹಾಸ್ಟೆಲ್ಲಿನಲ್ಲಿ ಇದ್ದು ಓದುತ್ತೇನೆ.

ಊರಿನ ದಕ್ಷಿಣ ತುದಿಯ ವಿಶ್ವವಿದ್ಯಾಲಯದಲ್ಲಿ ದಾವಣಗೆರೆಯ ಶೈಲಜಾ ಎಂಬ ಸಂಶೋಧಕಿ ನನಗೆ ಪರಿಚಯವಿದ್ದರು. ಅವರು ಗೌರಿಗೆ ತಮ್ಮ ಹಾಸ್ಟೆಲ್ ತೋರಿಸಲು ಒಪ್ಪಿದರು. ನನಗೆ ಗೇಟಿನ ಪಕ್ಕದ ಅತಿಥಿಗಳ ಕೋಣೆಯವರೆಗೆ ಪ್ರವೇಶ. ಅದರಾಚೆ ಊಟದ ಮನೆಯ ತೆರೆದ ಬಾಗಿಲು. ಇಂಫಾಲದ ಹುಡುಗಿಯೊಬ್ಬಳು ಸೀಸೆಯಿಂದ ಏನನ್ನೋ ಬಡಿಸಿಕೊಳ್ಳುತ್ತಿದ್ದಳು. ಅದರ ವಾಸನೆಗೆ ಬಲಿಯಾ ಜಿಲ್ಲೆಯವಳೊಬ್ಬಳು ಮೂಗು ಮುಚ್ಚಿ ಬೈಯುತ್ತಲೇ ಅದೇ ತಟ್ಟೆಗೆ ಕೈ ಹಾಕುತ್ತಿದ್ದಳು. ನೇಪಾಳದವರು, ಬಂಗಾಳದವರು, ಇಬ್ಬರು ಮಲಯಾಳಿಗಳು. ನಾನು ಶೈಲಜಾ ಅವರನ್ನು ಕಟ್ಟಡ ಯಾವ ಕಾಲದ್ದೆಂದು ವಿಚಾರಿಸುತ್ತಿದ್ದೆ. ಗೌರಿ ಕೇಳಿದ್ದು ಬೇರೆ.

"ದೀದಿ, ರಜೆಗೆ ಊರಿಗೆ ಹೋದಾಗ ನಿಮ್ಮ ಮಂಚ ಬೇರೆಯವರಿಗೆ ಕೊಡ್ತಾರಾ?"

"ಯಾಕೆ ಕೊಡ್ತಾರೆ? ನಿನ್ನ ಮಂಚ ನಿನ್ನದೇ," ಎಂದರು ಶೈಲಜಾ. "ಬೀಗ ಹಾಕ್ಕೊಂಡು ಹೋಗು. ತಿಗಣೆ ಮಾತ್ರ ಉಳ್ಕೊಳ್ತಾವೆ."

ಗೌರಿ ನಗಲಿಲ್ಲ. ಅವಳ ನಿರ್ಧಾರ ಅಲ್ಲಿಯೇ ಆಯಿತೆಂದು ನನ್ನ ಊಹೆ.

ಕಚೇರಿಯ ಗುಮಾಸ್ತರು ಸಜ್ಜನರು. ಮನೆ ಎಲ್ಲೆಂದು ಕೇಳಿದರು. ಗೌರಿ ಶಿವಾಲ ಎಂದಳು. ಅವರು ಲೇಖನಿ ಕೆಳಗಿಟ್ಟು ನಕ್ಕರು.

"ಅರೇ ಬಿಟಿಯಾ, ಶಿವಾಲಾ ಸೇ ತೋ ನಾವ್ ಮೇಂ ಬೈಠ್ ಕೇ ಆ ಜಾಓ!"

ಶಿವಾಲದಿಂದಾದರೆ ದೋಣಿಯಲ್ಲಿ ಕುಳಿತು ಬಂದರಾಯಿತಲ್ಲ ಎಂದು ಅರ್ಥ. ಸೀಟು ಉಂಟು, ಹಾಸ್ಟೆಲ್ ಇಲ್ಲ. ಹಾಸ್ಟೆಲ್ ಇರುವುದು ಹೊರಗಿನಿಂದ ಬಂದವರಿಗೆ; ಊರಿನವರು ಮನೆಯಿಂದ ಬಂದು ಹೋಗತಕ್ಕದ್ದು. ನಿಯಮ ನ್ಯಾಯವಾದುದೇ. ಹಿಂದಿರುಗುವ ರಿಕ್ಷಾದಲ್ಲಿ ಗೌರಿ ಹೇಳಿದಳು:

"ಗಲ್ಲಿಯವರಿಗೆ ನಾನು ಮದ್ರಾಸಿ. ಹಾಸ್ಟೆಲ್ ಆಫೀಸಿಗೆ ಮಾತ್ರ ಬನಾರಸಿ. ಎರಡು ಕಡೆಯೂ ನುಕ್ಸಾನ್ ನನಗೇ."

ಸಾವಿತ್ರಮ್ಮ ಒಂದು ಉಪಾಯ ಹುಡುಕಿದ್ದರು. "ರಾಯರೇ, ಅವಳು ಮೈಸೂರಿನವಳು, ನನ್ನ ಮೊಮ್ಮಗಳು ಅಂತ ನೀವು ಒಂದು ಮಾತು ಹೇಳಿಬಿಡಿ. ನಿಮ್ಮಂಥೋರು ಹೇಳಿದರೆ ಯಾರು ಬೇಡ ಅಂತಾರೆ?"

ನಿಜವಲ್ಲದ್ದನ್ನು ಹೇಗೆ ಹೇಳಲಿ ಎಂದೆ. ಅವರ ಮುಖ ಸಣ್ಣದಾಯಿತು. ಗೌರಿಯೇ ನಡುವೆ ಬಂದಳು. "ಬೇಡಮ್ಮಾ. ನಾನು ಇಲ್ಲಿಯವಳೇ, ಅದಕ್ಕೆ ಸುಳ್ಳು ಯಾಕೆ?"

ಮೇಲಿನ ಕೋಣೆಯನ್ನು ಬಿಟ್ಟು ಬಂಗಾಲಿ ಟೋಲಾದ ಯಾವುದಾದರೂ ಲಾಡ್ಜಿಗೆ ಹೋಗುತ್ತೇನೆಂದು ನಾನು ಹೇಳಿನೋಡಿದೆ. ಅದಕ್ಕೂ ಅವಳು ಒಪ್ಪಲಿಲ್ಲ. "ನೀವು ಹೋದರೆ ಆ ರೂಮಿಗೆ ಯಾತ್ರಿಗಳು ಬರ್ತಾರೆ, ನಾನಲ್ಲ." ಕೆಲವು ದಿನಗಳ ಬಳಿಕ ಅಷ್ಟೇ ಸಹಜವಾಗಿ ಕೇಳಿದಳು: "ತಾತಾ, ನಿಮ್ಮ ಮೈಸೂರಲ್ಲಿ ನಾನು ಹೊರಗಿನವಳು ಅಲ್ವಾ?"

ಮೈಸೂರಿನ ಮಹಿಳಾ ಕಾಲೇಜೊಂದರ ಹಾಸ್ಟೆಲನ್ನು ನಾನು ಅವಳಿಗೆ ಸವಿಸ್ತಾರವಾಗಿ ವರ್ಣಿಸಿದೆ: ಹೆಂಚಿನ ಮಾಡು, ಮುಂದೆ ಸಂಪಿಗೆಯ ಮರ, ಭಾನುವಾರದ ದೋಸೆ. ಬಳಿಕ ಅಭ್ಯಾಸಬಲದಿಂದ ಅದನ್ನು ಸರಿನೋಡಲು ಹಿಂದಿನ ಸಹೋದ್ಯೋಗಿ ನಾಗರಾಜನಿಗೆ ಫೋನು ಮಾಡಿದೆ.

"ಸಾರ್, ಅದನ್ನ ಕೆಡವಿ ಎಷ್ಟೋ ಕಾಲವಾಯ್ತು. ಈಗ ನಾಲ್ಕು ಮಹಡಿ ಕಟ್ಟಿದಾರೆ. ಸಂಪಿಗೆ ಮರ ನಾನಂತೂ ನೋಡಿಲ್ಲ."

ಹಾಸ್ಟೆಲ್ ಸಿಗುತ್ತದೆ, ಆದರೆ ಸ್ಥಳೀಯ ಪೋಷಕರೊಬ್ಬರು ಇರಬೇಕು ಎಂದ. ಸಾವಿತ್ರಮ್ಮನವರ ತವರಿನಲ್ಲಿ ಈಗ ಯಾರೂ ಉಳಿದಿಲ್ಲ. ನಾನೇ ಇದ್ದೇನಲ್ಲ ಎಂದೆ.

"ನೀವು ಈಗ ಊರಲ್ಲಿಲ್ಲವಲ್ಲ, ಸಾರ್. ಊರಲ್ಲಿ ಇರೋರೇ ಆಗಬೇಕಂತೆ. ನನ್ನ ಹೆಸರು ಹಾಕಿಸ್ತೀನಿ ಬಿಡಿ."

ಅರವತ್ತು ವರ್ಷ ಬಾಳಿದ ಊರಿನಲ್ಲಿ ನಾನು ಸ್ಥಳೀಯನಲ್ಲ ಎಂಬುದು ಈ ರೀತಿ ನಿರ್ಣಯವಾಯಿತು. ನಾಗರಾಜನ ವಾದದಲ್ಲಿ ದೋಷವೇನೂ ಇರಲಿಲ್ಲ.

ಇನ್ನು ಒಪ್ಪಬೇಕಾಗಿದ್ದವರು ಜೋಯಿಸರು. "ಇಡೀ ದೇಶ ಓದೋಕೆ ಕಾಶಿಗೆ ಬರುತ್ತೆ. ನನ್ನ ಮಗಳು ಓದೋಕೆ ಕಾಶಿ ಬಿಟ್ಟು ಹೋಗ್ತಾಳಂತೆ!" ಎಂದು ಅವರು ಮನೆಗೆ ಬಂದ ಪ್ರತಿ ಯಾತ್ರಿಯ ಮುಂದೆಯೂ ಹೇಳಿದರು. ದೂರವಾಯಿತೆಂದರು.

"ನಾನು ಬರೋವಾಗ ಈ ದೂರ ಯಾರಿಗೂ ದೂರ ಅನ್ನಿಸಲಿಲ್ಲ," ಎಂದರು ಸಾವಿತ್ರಮ್ಮ ಅಡುಗೆಮನೆಯಿಂದ.

ಜೋಯಿಸರು ದೂರದ ಮಾತು ಬಿಟ್ಟು ಪಂಚಾಂಗ ಹಿಡಿದರು. ಕಾಲೇಜು ಜುಲೈಯಲ್ಲಿ ಶುರು. ಅಮಾವಾಸ್ಯೆ ಕಳೆದು ಆಷಾಢ ಹಿಡಿದಿದೆ. ಆಷಾಢದಲ್ಲಿ ಹೆಣ್ಣುಮಗಳನ್ನು ಮನೆಯಿಂದ ಕಳಿಸುವುದುಂಟೇ? ಆಷಾಢ ಮುಗಿಯುವ ಹೊತ್ತಿಗೆ ಪ್ರವೇಶವೂ ಮುಗಿದಿರುತ್ತದೆ. ಗೌರಿ ಎದ್ದುಹೋದಳು.

ಇಲ್ಲಿ ನನಗೆ ತಿಳಿದ ಕೆಲಸವೊಂದಿತ್ತು. ಎರಡು ಪಂಚಾಂಗಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಜುಲೈ ಹುಣ್ಣಿಮೆ ಕಳೆದ ಮರುದಿನದಿಂದ ನಮ್ಮಲ್ಲಿ ಆಷಾಢ ಬಹುಳ. ಕಾಶಿಯ ಲೆಕ್ಕದಲ್ಲಿ ಶ್ರಾವಣ. ನಾಗರಾಜನನ್ನು ಮತ್ತೆ ವಿಚಾರಿಸಿದೆ. ಆ ಪಕ್ಷದ ಮೊದಲ ವಾರ ಪ್ರವೇಶ ಇನ್ನೂ ತೆರೆದಿರುತ್ತದೆ.

"ಜೋಯಿಸರೇ, ಆ ವಾರ ಶ್ರಾವಣವಲ್ಲವೇ?"

"ಇಲ್ಲಿಯವರಿಗೆ ಶ್ರಾವಣ. ನಮಗೆ ಆಷಾಢ. ನಾವು ಎಷ್ಟು ತಲೆಮಾರಾದರೂ ನಮ್ಮ ಲೆಕ್ಕ ಬಿಟ್ಟಿಲ್ಲ, ರಾಯರೇ."

"ಅವಳು ಹೊರಡೋದು ಯಾವ ಊರಿಂದ?" ಸಾವಿತ್ರಮ್ಮ ಸೌಟು ಹಿಡಿದೇ ಹೊರಗೆ ಬಂದರು. "ಹೊರಡೋ ಊರಿನ ಲೆಕ್ಕ ಅಲ್ವೇ ನೋಡಬೇಕಾದ್ದು? ನೀವೇ ಯಾತ್ರಿಗಳಿಗೆ ಹಾಗೇ ಹೇಳ್ತೀರಲ್ಲ, ಇದ್ದ ಊರಿನ ಆಚಾರ ಅಂತ!"

ಜೋಯಿಸರು ಹೆಂಡತಿಯನ್ನೂ ನನ್ನನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಇಬ್ಬರೂ ಸೇರಿ ನನಗೇ ಧರ್ಮಶಾಸ್ತ್ರ ಹೇಳ್ತೀರಿ," ಎಂದರು. ಸಂಜೆ ಯಾರಿಗೂ ಹೇಳದೆ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗಿ, ಮೊಗಲ್‌ಸರಾಯಿಯಿಂದ ಬೆಂಗಳೂರಿಗೆ ಎರಡು ಟಿಕೆಟ್ಟು ಕಾದಿರಿಸಿ ಬಂದರು. ತಾವೇ ಬಿಟ್ಟುಬರುವುದೆಂದು ತೀರ್ಮಾನಿಸಿದ್ದರು. ಹೀಗೆ ಗೌರಿ ಶ್ರಾವಣದಲ್ಲಿ ಹೊರಟು ಆಷಾಢದಲ್ಲಿ ತಲುಪಿದಳು. ನಾನು ನೋಡಿದ ಯಾವ ಶಾಸನದಲ್ಲಿಯೂ ಇಂಥ ಪ್ರಯಾಣವಿಲ್ಲ.

ಅವಳು ಫೋನಿನಲ್ಲಿ ಹೇಳಿದ ಮೈಸೂರು ನಾನು ಬಲ್ಲ ಮೈಸೂರಲ್ಲ. ಎಲ್ಲರೂ ಒಂದೇ ಥರ ಇರುತ್ತಾರೆಂದು ಅಂಜಿಕೊಂಡು ಹೋಗಿದ್ದಳಂತೆ. ಕೋಣೆಯಲ್ಲಿ ಒಬ್ಬಳು ಕೊಡವರ ಹುಡುಗಿ, ಒಬ್ಬಳು ವಯನಾಡಿನವಳು, ಮತ್ತೊಬ್ಬಳು ಬೈಲಕುಪ್ಪೆಯ ಟಿಬೆಟನ್. "ಅವಳ ಕನ್ನಡ ನನಗಿಂತ ಚೆನ್ನಾಗಿದೆ ತಾತಾ! ಬೋರ್ಡೆಲ್ಲ ಅವಳೇ ಓದಿ ಹೇಳ್ತಾಳೆ. ಇಲ್ಲಿ ಎಲ್ಲರೂ ನನ್ನನ್ನ ಕಾಶಿ ಅಂತಲೇ ಕರೆಯೋದು. ರೊಟ್ಟಿ ಅಂದ್ರೆ ಅಕ್ಕಿದು ಕೊಡ್ತಾರೆ. ರಾತ್ರಿ ಒಂಬತ್ತಕ್ಕೇ ಊರು ಮಲಗಿಬಿಡುತ್ತೆ, ನಿದ್ದೆ ಬರಲ್ಲ." ಮಂಚ ಹೇಗಿದೆ ಎಂದು ಕೇಳಿದೆ. "ಕಿಟಕಿ ಪಕ್ಕದ್ದು," ಎಂದಳು.

ಅವಳು ಮೊದಲ ಸಲ ಮನೆಗೆ ಬಂದದ್ದು ದಸರೆಗೆಂದು ನನ್ನ ನೆನಪಿನಲ್ಲಿತ್ತು. ವಿಚಾರಿಸಿದಾಗ ದೀಪಾವಳಿಯ ರಜೆಗೆ ಎಂದು ತಿದ್ದಿದಳು. ಕಾರ್ತಿಕಸ್ನಾನದ ಕಾಲ, ಮನೆ ತುಂಬ ಯಾತ್ರಿಗಳು. ಅವಳ ಚೌಕಿಯ ಮೇಲೆ ಚಾಮರಾಜನಗರದ ಕಡೆಯ ಹೆಂಗಸರ ಗಂಟುಗಳು. ಗೌರಿ ಹಾಸಿಗೆ ಸುತ್ತಿ ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಿದ್ದಳು, ನಾನು ಇಳಿಯುತ್ತಿದ್ದೆ. ನಡುವೆ ಅವರಲ್ಲೊಬ್ಬ ಹೆಂಗಸು ಎಲೆ, ಅಡಿಕೆ, ಬಾಳೆಹಣ್ಣಿನ ತಟ್ಟೆ ಹಿಡಿದು ನಿಂತಿದ್ದಳು. ಯಾತ್ರೆ ಮುಗಿಸಿದವರು ಕಾಶಿಯಲ್ಲಿ ನೆಲೆಸಿದವರಿಗೆ ತಾಂಬೂಲ ಕೊಟ್ಟು ನಮಸ್ಕರಿಸುವ ವಾಡಿಕೆ ಈ ಮನೆಯಲ್ಲಿದೆ. ಮನೆಯ ಮಗಳಾದ ಗೌರಿ ಚಿಕ್ಕಂದಿನಿಂದಲೂ ಅದನ್ನು ಪಡೆದವಳು.

"ಯಾವೂರವ್ವಾ ನಿಂದು?" ಎಂದು ಆ ಹೆಂಗಸು ಕೇಳಿದಳು.

"ಮೈಸೂರು," ಎಂದಳು ಗೌರಿ. "ಅಲ್ಲೇ ಹಾಸ್ಟೆಲ್ಲು."

"ಅಯ್ಯೋ, ನಮ್ ಕಡೆಯೋಳೇಯ!" ಹೆಂಗಸಿಗೆ ಸಂತೋಷವಾಯಿತು, ತಟ್ಟೆ ಮಾತ್ರ ಅತ್ತ ಸರಿಯಲಿಲ್ಲ. "ಮತ್ತೆ ಇವರು?"

"ಇವರು ಇಲ್ಲಿಯವರು. ಮೇಲಿನ ರೂಮು."

"ಮೈಸೂರಂತೆ ಮೈಸೂರು!" ಕೆಳಗಿನಿಂದ ಸಾವಿತ್ರಮ್ಮನವರ ದನಿ ಬಂತು. "ಹುಟ್ಟಿದ್ದು ಈ ಮನೇಲಿ ಕಣೇ!"

ಹೆಂಗಸು ನನ್ನ ಕಡೆ ತಿರುಗಿ ತಟ್ಟೆಯನ್ನು ಮುಂದೆ ಹಿಡಿದಳು. ಗೌರಿ ಹಾಸಿಗೆಯ ಮರೆಯಿಂದ ನನ್ನನ್ನೇ ನೋಡುತ್ತಿದ್ದಳು. ನಾನೂ ಮೈಸೂರಿನವನೇ ಎಂದು ಹೇಳಬಹುದಿತ್ತು. ಹೇಳಿದ್ದರೆ ಆ ಮೆಟ್ಟಿಲ ಮೇಲೆ ಕಾಶಿಯವರೆಂದು ಯಾರೂ ಉಳಿಯುತ್ತಿರಲಿಲ್ಲ. ಎರಡು ಕೈಯನ್ನೂ ಚಾಚಿದೆ.