ಕೋಲ್ಡ್ ರೂಮಿನ ಯಂತ್ರಕ್ಕೆ ಕಟ್ಟಿದ ಹಾರ

ಬಸವನಗುಡಿಯ ನಮ್ಮ ಕಲ್ಯಾಣ ಮಂಟಪದ ಉಸ್ತುವಾರಿ ನನ್ನ ಹೆಗಲಿಗೆ ಬಿದ್ದು ಬಹಳ ವರ್ಷವಾಯಿತು. ಅಡುಗೆಮನೆಯ ಪಕ್ಕದಲ್ಲಿ ಹಾಲು, ಮೊಸರು, ತರಕಾರಿ ಇಡುವ ಕೋಲ್ಡ್ ರೂಮ್ ಇದೆ. ಮದುವೆ ಸೀಸನ್ ಶುರುವಾಗುವ ಮುಂಚೆ ಚಾಮರಾಜಪೇಟೆಯ ಮೆಕ್ಯಾನಿಕ್ ಬಂದು ಅದಕ್ಕೆ ಗ್ಯಾಸ್ ತುಂಬಿಸಿ ಹೋಗುವುದು ಒಂದು ಸಂಪ್ರದಾಯವೇ ಆಗಿತ್ತು. ಒಲೆಯ ಸಿಲಿಂಡರಿನ ಹಾಗೆ ಇದೂ ಉರಿದು ಖಾಲಿಯಾಗುತ್ತದೆಂದು ನಂಬಿದ್ದೆ. ಹೇಳಿಕೊಳ್ಳಲೂ ನಾಚಿಕೆ.

ಈ ಸಲ ಮುಹೂರ್ತದ ಹಿಂದಿನ ದಿನ ಬೆಳಿಗ್ಗೆ ಅಡುಗೆ ಭಟ್ಟರು ಬಾಗಿಲು ತೆಗೆದವರೇ ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡರು. ಒಳಗೆ ತಂಪಿಲ್ಲ. ಬೆವರುವ ಗೋಡೆ, ಕೊಳೆತ ಕೊತ್ತಂಬರಿಯ ನಾತ. ನಡುವೆ ಆರು ಕೊಳಗ ಮೊಸರು. ಹೆಣ್ಣಿನ ತಂದೆ ಊರಿನಿಂದ ತಮ್ಮ ಹಸುಗಳ ಹಾಲನ್ನೇ ತರಿಸಿ ಹೆಪ್ಪು ಹಾಕಿಸಿ, "ಮಗಳ ಮದ್ವೆ ಊಟಕ್ಕೆ ನಮ್ಮನೆ ಮೊಸರೇ ಇರ್ಲಿ ಸ್ವಾಮಿ" ಎಂದು ಒಪ್ಪಿಸಿಹೋಗಿದ್ದರು.

ಮೆಕ್ಯಾನಿಕ್ ಬಂದ. "ಗ್ಯಾಸ್ ಖಾಲಿ ಸಾರ್. ಹಾಕ್ಬಿಡ್ತೀನಿ."

"ನೀನು ಹಾಕಿ ಎರಡು ತಿಂಗ್ಳಾಗಿಲ್ಲ, ಎಲ್ಲಿ ಹೋಯ್ತಯ್ಯಾ? ಭಟ್ರು ಕುಡಿದ್ರಾ?"

"ನನ್ ಕಡೆ ಯಾಕ್ರೀ ತಿರುಗ್ತೀರಾ?" ಎಂದರು ಭಟ್ಟರು. "ನಾನು ಬರೀ ಕಾಫಿ."

ಮೆಕ್ಯಾನಿಕ್ ನಕ್ಕ. "ಎಲ್ಲೋ ಲೀಕ್ ಇರುತ್ತೆ ಸಾರ್. ಇದು ಉರಿದು ಮುಗಿಯೋ ಗ್ಯಾಸಲ್ಲ, ಪೈಪಲ್ಲೇ ಸುತ್ತುತ್ತೆ. ಒಳಗಿನ ಬಿಸಿ ಹೊತ್ಕೊಂಡ್ ಬಂದು ಹೊರಗೆ ಬಿಡುತ್ತೆ, ಮತ್ತೆ ಒಳಗೆ ಹೋಗುತ್ತೆ."

"ಇಷ್ಟ್ ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಹಾಕು ಅಂದ್ರಿ, ಹಾಕ್ದೆ."

ಲೀಕ್ ಹುಡುಕಲು ಪೈಪಿಗೆ ಸೋಪಿನ ನೊರೆ ಹಚ್ಚುತ್ತಾ ಅವನು ಯಂತ್ರದ ಹಿಂದೆ ನುಸುಳಿದ. ನಾನೂ ಬಗ್ಗಿದೆ. ತಾಮ್ರದ ಪೈಪಿಗೆ ಒಂದರ ಮೇಲೊಂದು ತಂತಿ ಸುತ್ತಿತ್ತು. ಸುತ್ತಿದವನು ನಾನೇ. ಪ್ರತಿ ಆಯುಧಪೂಜೆಗೂ ಚೆಂಡುಹೂವಿನ ಹಾರ ಜಾರದಿರಲೆಂದು ತಂತಿಯಲ್ಲಿ ಬಿಗಿಯುತ್ತಿದ್ದೆ. ಒಣಗಿದ ಮೇಲೆ ಹೂವನ್ನಷ್ಟೇ ಕಿತ್ತು ತಂತಿಯನ್ನು ಬಿಡುತ್ತಿದ್ದೆ. ಯಂತ್ರ ನಡುಗಿದಷ್ಟೂ ಅದು ತಾಮ್ರವನ್ನು ತೇದಿತ್ತು. ಜಿನುಗಿದ ಎಣ್ಣೆ, ಕುಂಕುಮ, ಕೊಳೆತ ಎಸಳು, ಜಿರಳೆಯ ರೆಕ್ಕೆ ಎಲ್ಲ ಸೇರಿ ಕರ್ರಗೆ ಮೆತ್ತಿಕೊಂಡಿತ್ತು. ಕೈ ಹಾಕಿದೆ, ಅಂಟಿತು. ಅಲ್ಲೇ ನೊರೆ ಗುಳ್ಳೆಯೆದ್ದಿತು.

"ಬೆಸುಗೆ ಹಾಕ್ಬೇಕು. ಅದಕ್ಕೆ ಮುಂಚೆ ಪೈಪ್ ಖಾಲಿ ಆಗ್ಬೇಕು, ಉಳಿದಿರೋ ಗ್ಯಾಸ್ನ ಗಾಳಿಗೆ ಬಿಟ್ಬಿಡ್ತೀನಿ." ಹೇಳುತ್ತಲೇ ವಾಲ್ವು ತಿರುಗಿಸಿದ. ಪುಸ್ಸೆಂದಿತು.

"ಬಿಡ್ಬಹುದೇನಯ್ಯಾ?"

"ಬಿಡ್ಬಾರ್ದು ಸಾರ್, ಭೂಮಿ ಬಿಸಿ ಆಗುತ್ತಂತೆ. ಎಲ್ರೂ ಬಿಡ್ತಾರೆ. ಸಿಲಿಂಡರಿಗೆ ಎಳ್ಕೊಳ್ಳೋ ಮೆಷಿನ್ ತರ್ಬೇಕು ಅಂದ್ರೆ ಸಂಜೆ ಆಗೋಗುತ್ತೆ. ಮೊಸರು ನಿಮ್ದು."

ಇಷ್ಟು ವರ್ಷ ನಾನು ತುಂಬಿಸಿದ್ದೆಲ್ಲ ಬಸವನಗುಡಿಯ ಗಾಳಿಗೇ ಹೋಗಿತ್ತು. ಅದರ ಮೇಲೆ ಇದನ್ನೂ ಬಿಡಲು ಮನಸ್ಸು ಒಪ್ಪಲಿಲ್ಲ. "ಮುಚ್ಚು. ಮೆಷಿನ್ ತಗೊಂಡ್ ಬಾ" ಎಂದೆ. ಕೊಳಗಗಳ ಸುತ್ತ ಐಸ್ ಸುರಿದೆವು. ಸಾಲಲಿಲ್ಲ.

ಸಂಜೆ ಹೆಣ್ಣಿನ ತಂದೆಯನ್ನು ಕರೆದು ನಡೆದದ್ದನ್ನೆಲ್ಲ ಹೇಳಿದೆ. ಅವರು ಬೆರಳದ್ದಿ ನಾಲಿಗೆಗಿಟ್ಟುಕೊಂಡರು. ಮುಖ ಕಿವುಚಿದರು.

"ನಮ್ ಹಸು ಏನ್ ತಪ್ ಮಾಡಿತ್ತು ಸ್ವಾಮಿ?"

ಮಾರನೆಯ ದಿನ ಪಂಕ್ತಿಯಲ್ಲಿ ಅವರ ಎಲೆಗೆ ಪ್ಯಾಕೆಟ್ ಮೊಸರು ಬಡಿಸಿದವನು ನಾನೇ. ಪಕ್ಕದಲ್ಲಿ ಬೀಗರಿದ್ದರು. ಹೆಣ್ಣಿನ ತಂದೆ ತಲೆಯೆತ್ತದೆ ಕಲಸಿಕೊಂಡು ಉಂಡರು.